ಹತ್ತು ಹೆಜ್ಜೆ ಹಿಂದೆ

ಮಾಸ್ತರ ಬಲಗೈ ಕಿರುಬೆರಳಿನ ಉಗುರು ಅರ್ಧ ಅಂಗುಲದಷ್ಟು ಉದ್ದ ಬೆಳೆದಿತ್ತು. ಉಳಿದ ಒಂಬತ್ತು ಉಗುರುಗಳನ್ನು ಅವರು ವಾರಕ್ಕೊಮ್ಮೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಬ್ಲೇಡಿನಿಂದ ಒಪ್ಪವಾಗಿ ತೆಗೆಯುತ್ತಿದ್ದರು. ಅದೊಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಬಣ್ಣ ಹೆಚ್ಚಾದ ಕಡೆ ಕೆರೆದು ತೆಗೆಯಲು ಅದು ಬೇಕಂತೆ. ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ನೀಲಿ ಗೆರೆ ಇರುತ್ತಿತ್ತು. ಊಟಕ್ಕೆ ಕೂತಾಗ ಆ ಬೆರಳನ್ನು ಮೇಲೆತ್ತಿಕೊಂಡು, ಉಳಿದ ನಾಲ್ಕರಲ್ಲೇ ರೊಟ್ಟಿ ಮುರಿಯುತ್ತಿದ್ದರು. ಅವ್ವ ಬಡಿಸಿ ಒಳಗೆ ಬಂದು ಬಾಯಿಗೆ ಸೆರಗು ಹಿಡಿದು ನಗುವಳು. “ಮಾಸ್ತರ ಒಂದು ಬೆರಳಿಗೆ ಮಡಿ ಐತಿ ನೋಡು. ಅದು ನಮ್ಮನ್ಯಾಗ ಉಣ್ಣೂದಿಲ್ಲ.”

ನಾನು ಹೇಳುತ್ತಿರುವುದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಹಳಿಯಾಳ ತಾಲೂಕಿನ ಸಾಂಬ್ರಾಣಿಯಲ್ಲಿ ನಮ್ಮ ಮನೆ. ಅಪ್ಪ ಭತ್ತದ ಗದ್ದೆ ಮಾಡಿಕೊಂಡಿದ್ದ. ಅಪ್ಪ, ಅವ್ವ, ಅಪ್ಪನ ತಾಯಿಯಾದ ನಮ್ಮ ಆಯಿ, ಹತ್ತು ವರ್ಷದ ನಾನು. ಪಡಸಾಲೆಯ ಪಕ್ಕದ ಖೋಲಿಯಲ್ಲಿ ಮೊದಲು ಬೀಜದ ಚೀಲ ಇರುತ್ತಿದ್ದವು. ಮಾಸ್ತರು ಬಂದ ಮೇಲೆ ಚೀಲ ಪಡಸಾಲೆಗೆ ಬಂದವು, ಅವರು ಖೋಲಿಗೆ ಹೋದರು.

ಅವರು ಧಾರವಾಡದ ಕಡೆ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಮಗ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಕ್ವಾರ್ಟರ್ಸಿನಲ್ಲಿ ಎರಡೇ ಖೋಲಿ, ಮೂರು ಮಕ್ಕಳು, ಮೇಲಾಗಿ ಸೊಸೆಗೆ ಬಣ್ಣ ತೆಳುಮಾಡುವ ಟರ್ಪೆಂಟೈನ್ ಎಣ್ಣೆಯ ವಾಸನೆಗೆ ತಲೆ ತಿರುಗುತ್ತಿತ್ತು. ಹಾಗೆಂದು ಅವಳ ಮೇಲೆ ಮಾಸ್ತರಿಗೆ ಸಿಟ್ಟೇನೂ ಇರಲಿಲ್ಲ. “ವಾಸನಿ ನನಗೂ ಸೇರೂದಿಲ್ಲರಿ. ಆದರ ನನಗ ಅದನ್ನ ಬಿಟ್ಟು ಹೋಗಾಕ ಬರೂದಿಲ್ಲ, ಆಕಿಗೆ ನನ್ನ ಬಿಟ್ಟು ಇರಾಕ ಬರತೈತಿ” ಎಂದು ಅಪ್ಪನಿಗೆ ಹೇಳಿದ್ದರು. ಒಮ್ಮೆ ಬಸ್ಸು ಕೆಟ್ಟು ನಮ್ಮೂರಲ್ಲಿ ನಿಂತಾಗ, ನಾಲ್ಕರ ಬಿಸಿಲಿನಲ್ಲಿ ನಮ್ಮ ಓಣಿ ನೋಡಿ, ಮರುವಾರವೇ ಟ್ರಂಕು ಹೊತ್ತುಕೊಂಡು ಬಂದರಂತೆ. ಆ ಓಣಿಯಲ್ಲಿ ನೋಡುವಂಥದ್ದು ಏನಿತ್ತೋ ನಮಗೆ ಯಾರಿಗೂ ಗೊತ್ತಿರಲಿಲ್ಲ. ಎರಡೂ ಬದಿಗೆ ಹೆಂಚಿನ ಮನೆಗಳು, ಕೆಮ್ಮಣ್ಣು ಸಾರಿಸಿದ ಕಟ್ಟೆಗಳು, ಈ ತುದಿಗೆ ಮಠದ ಗೋಡೆ, ಆ ತುದಿಗೆ ಒಂದು ತಿರುವು. ತಿರುವಿನ ಆಚೆ ನಮ್ಮ ಶಾಲೆ. ಅಷ್ಟೇ. ಮಧ್ಯಾಹ್ನದ ಮೇಲೆ ಗಂಡಸರೆಲ್ಲ ಗದ್ದೆಯಲ್ಲಿರುವಾಗ ಒಂದು ಎಮ್ಮೆ ಮಲಗಿದರೆ ಅದೇ ಓಣಿಯ ದೊಡ್ಡ ಸುದ್ದಿ.

ಸಂಕ್ರಾಂತಿ ಕಳೆದ ಮೇಲೆ ಮಾಸ್ತರು ಆ ಓಣಿಯ ಚಿತ್ರ ಶುರು ಮಾಡಿದರು. ದಿನಾ ನಾಲ್ಕಕ್ಕೆ ಮಠದ ಗೋಡೆಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂರುವರು. ಮಗ ತಂದುಕೊಟ್ಟ ಹಲಗೆಗೆ ಬಟ್ಟೆ ಬಿಗಿದು, ಬೆಣ್ಣೆ ಹಚ್ಚಿದಂತೆ ದಪ್ಪಗೆ ಬಣ್ಣ ಹಚ್ಚುವರು. ನಾಲ್ಕು ಸಲ ಕುಂಚ ಮುಟ್ಟಿಸಿದರೆ ಒಂದು ಸಲ ಎದ್ದು ಹಿಂದಕ್ಕೆ ಸರಿಯಬೇಕು. ಹಿಂದೆ ಮಠದ ಗೋಡೆ ಇದ್ದುದರಿಂದ ಹಲಗೆಯನ್ನು ಬದಿಗೆ ತಿರುಗಿಸಿ, ಓಣಿಗೆ ಅಡ್ಡಲಾಗಿ ಹಿಮ್ಮುಖವಾಗಿ ನಡೆಯುವರು, ಬಾಯಲ್ಲಿ ಎಣಿಸುತ್ತ. ಒಂದ, ಎರಡ, ಮೂರ. ನಾವು ಮಕ್ಕಳೂ ಕೂಡಿ ಎಣಿಸುತ್ತಿದ್ದೆವು. ಎರಡು ಸಲ ಸಗಣಿ ಬುಟ್ಟಿಯಲ್ಲಿ ಕಾಲಿಟ್ಟರು. ಒಂದು ಸಲ ಎಮ್ಮೆಯ ಮೇಲೆಯೇ ಕೂತರು. ಎಮ್ಮೆ ಏನೂ ಅನ್ನಲಿಲ್ಲ.

ಊರವರು ನೋಡಲು ಬಂದರು. ಹತ್ತಿರ ಹೋಗಿ, ಬಗ್ಗಿ, ಮೂಗು ಹಚ್ಚಿ ನೋಡಿದರು. ಅದರಲ್ಲಿ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಬರೀ ಕೆಂಪು, ಹಳದಿ, ನೀಲಿಯ ಗೀಟುಗಳು. ಎದುರುಮನೆಯ ಮುದುಕ ಮರುಕಪಟ್ಟು ಕೇಳಿದ, “ಮಳೀಗೆ ತೊಯ್ಸಿಕೊಂಡೀರೇನ್ರಿ ಮಾಸ್ತರ? ಎಲ್ಲಾ ಕಲಸಿಹೋಗೈತಲ್ಲ. ನಮ್ಮ ಮನಿ ಎಲ್ಲಿ?”

“ಹತ್ತು ಹೆಜ್ಜಿ ಹಿಂದ ಸರೀರಿ. ಕಣ್ಣು ಸಣ್ಣ ಮಾಡ್ರಿ,” ಎಂದರು ಮಾಸ್ತರು. ಅವರು ಯಾರಿಗೂ ಇದಕ್ಕಿಂತ ಹೆಚ್ಚು ವಿವರಿಸಿದ್ದು ನಾನು ಕೇಳಿಲ್ಲ.

ಮುದುಕ ಸರಿದ. ಕಣ್ಣು ಸಣ್ಣ ಮಾಡಿದ. “ಅಲಾ ಇವನ! ನಮ್ಮ ಎತ್ತು ನಿಂತೈತಲ್ಲ ಬಾಗಲದಾಗ!” ಎಂದು ಓಡಿ ಬಂದು ನೋಡಿದರೆ ಎತ್ತು ಮತ್ತೆ ಬಿಳಿ ಗೀಟಾಗಿತ್ತು. ಅವನು ಆ ದಿನ ಸಂಜೆಯವರೆಗೆ ಹಿಂದೆ ಮುಂದೆ ಓಡಾಡಿದ.

ಅವ್ವ ಯುಗಾದಿಯ ಹಿಂದಿನ ದಿನ ನೋಡಿದಳು, ಚಿತ್ರ ಖೋಲಿಗೆ ಬಂದ ಮೇಲೆ. “ನಾ ಎಲ್ಲಿ ಅದೀನ್ರಿ ಇದರಾಗ?” ಎಂದು ಕೇಳಿದಳು. ಮಾಸ್ತರು ಆ ಉದ್ದ ಉಗುರಿನಿಂದ ತೋರಿಸಿದರು. ಎಡಗಡೆ ಒಂದು ಕಟ್ಟೆ, ಅದರ ಮೇಲೆ ಹೆಬ್ಬೆರಳಷ್ಟು ಹಸಿರು ಗೀಟು, ಗೀಟಿನ ಮೇಲೊಂದು ಕರಿ ಚುಕ್ಕೆ. ಅವ್ವನದು ಹಸಿರು ಇಳಕಲ್ ಸೀರೆ.

“ಇಷ್ಟನ?”

“ಇಷ್ಟನರಿ.”

“ಇಷ್ಟು ಸಣ್ಣಾಕಿ ಆದರ ಚಲೋನ ಆತು. ರೊಟ್ಟಿ ಬಡಿಯೂದು ತಪ್ಪತೈತಿ,” ಎಂದು ಹೇಳಿ ಅವ್ವ ಹೋಳಿಗೆಯ ಬೇಳೆ ಬೇಯಿಸಲು ಹೋದಳು.

ಯುಗಾದಿಯಾಗಿ ಒಂಬತ್ತನೇ ದಿನಕ್ಕೆ ಅವ್ವ ತೀರಿಕೊಂಡಳು. ಮೂರು ದಿನದ ಜ್ವರ. ಚಕ್ಕಡಿಯಲ್ಲಿ ಹಳಿಯಾಳಕ್ಕೆ ಕರೆದೊಯ್ಯುವಾಗ ಅರ್ಧ ದಾರಿಯಲ್ಲಿ ಹೋದಳಂತೆ. ಚಕ್ಕಡಿ ತಿರುಗಿ ಬಂತು. ನಮ್ಮ ಪದ್ಧತಿಯಂತೆ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು, ಹಣೆಗೆ ವಿಭೂತಿ, ಕೊರಳ ತುಂಬ ಹೂವು. ಯಾರೋ ಅಂದರು, “ಹಳಿಯಾಳದಿಂದ ಫೋಟೋದಾಂವನ್ನ ಕರಸೂಣು. ಆಕಿದೊಂದೂ ಫೋಟೋ ಇಲ್ಲ.” ಅಪ್ಪ, “ಬ್ಯಾಡ. ಹೊತ್ತು ಆಗತೈತಿ” ಎಂದ. ಅಷ್ಟೇ ಅಂದದ್ದು. ಆಯಿ ಮಾತ್ರ ಎದೆ ಬಡಿದುಕೊಂಡು ಹಾಡಿ ಹಾಡಿ ಅಳುತ್ತಿದ್ದಳು: “ಎಲ್ಲಾರಿಗೂ ಬೆನ್ನು ಮಾಡಿ ಹ್ವಾದೆಲ್ಲ ನನ್ನ ಸೊಸೀ, ಕೂಸಿಗೂ ಬೆನ್ನು ಮಾಡಿ ಹ್ವಾದೆಲ್ಲ!” ಮಾಸ್ತರು ಖೋಲಿಯ ಬಾಗಿಲಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತು ಅದನ್ನು ಕೇಳಿಸಿಕೊಂಡರು.

ನಾನು ಅಳಲಿಲ್ಲ. ಒಳ್ಳೆಯ ಹುಡುಗಿ, ಗಟ್ಟಿ ಹುಡುಗಿ ಎಂದು ಬಂದವರು ತಲೆ ಸವರಿದರು. ಗಟ್ಟಿಯೂ ಇರಲಿಲ್ಲ, ಏನೂ ಇರಲಿಲ್ಲ. ಕಾಲಿಗೆ ಜೋಮು ಹಿಡಿದಾಗ ಮುಟ್ಟಿದರೆ ಕಾಲು ನಮ್ಮದೇ ಎಂದು ಕೈಗೆ ತಿಳಿಯುತ್ತದೆ, ಕಾಲಿಗೆ ತಿಳಿಯುವುದಿಲ್ಲ, ಹಾಗಿತ್ತು. ಬಂದವರ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಇಟ್ಟೆ. ಸೋಮವಾರ ಶಾಲೆಗೆ ಹೋದೆ. ಸಂಜೆ ತಿರುವು ದಾಟಿ ಓಣಿಗೆ ಬಂದಾಗ ಕಟ್ಟೆ ಖಾಲಿ ಇತ್ತು. ಖಾಲಿ ಇದೆ ಎಂದುಕೊಂಡು ಒಳಗೆ ಹೋಗಿ ಕೈಕಾಲು ತೊಳೆದೆ.

ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿದ ಮರುದಿನ ಅಪ್ಪ ಮಾಸ್ತರ ಖೋಲಿಗೆ ಹೋದ. ನಾನು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದೆ.

“ಮಾಸ್ತರ, ಆ ಚಿತ್ರದಾಗ ಆಕಿ ಅದಾಳಂತ. ಮುಖಾ ಬರೀರಿ.”

“ಅದರಾಗ ಮುಖಾ ಇಲ್ಲರಿ ಯಜಮಾನ್ರ,” ಎಂದರು ಮಾಸ್ತರು.

“ಇಲ್ಲಂತನ ಬರೀರಿ ಅನ್ನೂದು. ಫೋಟೋದಾಂವನ್ನ ನಾನ ಬ್ಯಾಡಂದೆ. ಎಲ್ಲಾರೂ ಕರಸೂಣಂದರು, ನಾ ಬ್ಯಾಡಂದೆ. ನೀವು ದಿನಾ ಆಕಿ ಕೈಯಾಗಿಂದು ಉಂಡೋರು. ನಿಮಗ ನೆನಪ ಇಲ್ಲೇನ?”

ಅಪ್ಪ ಅಷ್ಟು ಉದ್ದ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು. ಮಾಸ್ತರು ಹೂಂ ಎಂದರು. ಚಿತ್ರದಲ್ಲಿ ಅಲ್ಲ, ಬೇರೆ ಕಾಗದದ ಮೇಲೆ ಬರೆದು ನೋಡುತ್ತೇನೆ ಎಂದರು.

ನಾಲ್ಕು ದಿನ ಅವರು ಕಾಗದಕ್ಕೆ ಪೆನ್ಸಿಲ್ ತಿಕ್ಕಿದರು. ಓಣಿಗೆ ಹೋಗಲಿಲ್ಲ. ಐದನೇ ದಿನ ಒಂದು ಹಾಳೆ ತಂದು ಅಪ್ಪನ ಮುಂದೆ ಇಟ್ಟರು. ಅಪ್ಪ ನೋಡಿ, “ಇದು ಯಾರ?” ಎಂದ. ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದ. ಆಯಿ ಬಂದು ನೋಡಿ ಮೂಗು ನಮ್ಮ ಸೊಸೆಯದಲ್ಲ, ಅವಳ ತಂಗಿಯದು ಎಂದಳು. ಮಾಸ್ತರು ಮೂಗು ಅಳಿಸಿ ಬರೆದರು. ಕಣ್ಣು ಇನ್ನೂ ದೊಡ್ಡವು ಎಂದ ಅಪ್ಪ. ದೊಡ್ಡವೇನಲ್ಲ, ಕಾಡಿಗೆಗೆ ಹಾಗೆ ಕಾಣುತ್ತಿದ್ದವು ಎಂದಳು ಆಯಿ. ಗಲ್ಲದ ಮೇಲಿನ ಮಚ್ಚೆ ಬಲಕ್ಕೆ ಎಂದ ಅಪ್ಪ. ಎಡಕ್ಕೆ ಎಂದಳು ಆಯಿ. ಹನ್ನೆರಡು ವರ್ಷ ಸಂಸಾರ ಮಾಡಿದವನು ನಾನು, ಎಂದ ಅಪ್ಪ. ಹನ್ನೆರಡು ವರ್ಷ ತಲೆ ಬಾಚಿದವಳು ನಾನು, ಎಂದಳು ಆಯಿ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. “ನೀ ಹೇಳವಾ, ಯಾವ ಕಡೆ ಇತ್ತು?”

ನಾನು ಬಾಯಿ ತೆರೆದೆ. ಗೊತ್ತಿರಲಿಲ್ಲ. ಸತ್ತು ಹದಿನಾರು ದಿನವಾಗಿತ್ತು, ನನಗೆ ಮಚ್ಚೆ ಯಾವ ಕಡೆಗಿತ್ತೆಂದು ಗೊತ್ತಿರಲಿಲ್ಲ. ಆಗಲೂ ಏನೂ ಅನಿಸಲಿಲ್ಲ. ಇದನ್ನು ಇಷ್ಟು ವರ್ಷವಾದರೂ ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಮಾಸ್ತರು ಹಾಳೆಗಳನ್ನೆಲ್ಲ ತೆಗೆದುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದರು. ಅಪ್ಪ ಅವತ್ತು ಅವರಿಗೆ ಒಂದೇ ಮಾತು ಹೇಳಿದ. “ಮುಖಾ ಇಲ್ಲದ ಚಿತ್ರ ಮನ್ಯಾಗ ಬ್ಯಾಡರಿ. ದಾಂಡೇಲಿಗೆ ಕಳಿಸಿಬಿಡ್ರಿ.” ಮಾಸ್ತರು ಒಪ್ಪಿದರು. ಶನಿವಾರ ಮಗ ಸೈಕಲ್ ತೆಗೆದುಕೊಂಡು ಬಂದು ಒಯ್ಯುವುದು ಎಂದಾಯಿತು.

ಅದರ ಹಿಂದಿನ ದಿನ ಶುಕ್ರವಾರ. ಶುಕ್ರವಾರ ಬೆಳಿಗ್ಗೆ ಅವ್ವ ಹೊಸ್ತಿಲು ತೊಳೆದು ಕುಂಕುಮ ಹಚ್ಚುತ್ತಿದ್ದಳು. ಆಮೇಲೆ ಅಲ್ಲೇ ಬಗ್ಗಿ, “ಹಚ್ಚ ಬಾರವಾ” ಎಂದು ನನ್ನನ್ನು ಕರೆಯುವಳು. ಹೊಸ್ತಿಲಿನದು ಮುಗಿದ ಮೇಲೆ ಅವಳ ಹಣೆಗೆ ನಾನೇ ಹಚ್ಚಬೇಕು. ಅದು ನಮ್ಮಿಬ್ಬರ ರೂಢಿ, ಬೇರೆ ಯಾರ ಮನೆಯಲ್ಲೂ ನಾನು ಕಂಡಿಲ್ಲ. ಆ ಶುಕ್ರವಾರ ಆಯಿ ನನ್ನ ಕೈಗೆ ಬಟ್ಟಲು ಕೊಟ್ಟು, ಇನ್ನು ಮೇಲೆ ಹೊಸ್ತಿಲು ನೀನೇ ನೋಡಿಕೋ ಎಂದಳು. ನಾನು ಹಚ್ಚಿದೆ. ಬೆರಳಿನ ತುದಿಯಲ್ಲಿ ಕುಂಕುಮ ಉಳಿಯಿತು. ಆಯಿ ಗಂಡನಿಲ್ಲದವಳು, ಅವಳಿಗೆ ಹಚ್ಚುವಂತಿರಲಿಲ್ಲ. ಬೆರಳನ್ನು ಮುಂದೆ ಹಿಡಿದುಕೊಂಡು ಪಡಸಾಲೆಯಲ್ಲಿ ನಿಂತೆ. ಅದನ್ನು ಲಂಗಕ್ಕೆ ಒರೆಸಲು ಮನಸ್ಸಾಗಲಿಲ್ಲ.

ಖೋಲಿಯ ಬಾಗಿಲು ತೆರೆದಿತ್ತು. ಮಾಸ್ತರು ಬಾವಿಯ ಕಡೆ ಹೋಗಿದ್ದರು. ಚಿತ್ರ ಗೋಡೆಗೆ ಒರಗಿತ್ತು, ಕಟ್ಟಿ ಕಳಿಸಲು ಪಕ್ಕದಲ್ಲೇ ಗೋಣಿತಟ್ಟು ತೆಗೆದಿಟ್ಟಿದ್ದರು. ನಾನು ಕೂತು, ಹಸಿರು ಗೀಟಿನ ಮೇಲಿನ ಕರಿ ಚುಕ್ಕೆಯ ನಟ್ಟನಡುವೆ ಬೆರಳು ಒತ್ತಿದೆ. ಬಣ್ಣ ದಪ್ಪಗಿತ್ತು, ತಿಂಗಳಾದರೂ ಒಳಗೆ ಹಸಿ ಇತ್ತು. ಕುಂಕುಮ ಅಂಟಿಕೊಂಡುಬಿಟ್ಟಿತು. ಒರೆಸಲು ಹೋದೆ, ಇನ್ನಷ್ಟು ಅಂಟಿತು.

ತಿರುಗಿದರೆ ಮಾಸ್ತರು ಒದ್ದೆ ಕೈಯಲ್ಲಿ ಬಾಗಿಲಲ್ಲಿದ್ದರು.

ಅವರು ಬಂದು ನನ್ನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತರು. ಕಿರುಬೆರಳು ಎತ್ತಿದರು. ಆ ಉಗುರು ಚಿತ್ರದ ಹತ್ತಿರ ಹೋಯಿತು, ಇನ್ನೇನು ಕೆರೆದು ತೆಗೆಯಬೇಕು. ಉಗುರು ಅಲ್ಲೇ ನಿಂತಿತು. ಆಮೇಲೆ ಅವರು ಎದ್ದು ಎಣಿಸದೆ ಹಿಂದೆ ಸರಿದರು, ಬಾಗಿಲು ದಾಟಿ, ಪಡಸಾಲೆಯ ಬೀಜದ ಚೀಲದವರೆಗೆ. ಕಣ್ಣು ಸಣ್ಣ ಮಾಡಿದರು.

“ಎಲ್ಲಿ ಹಚ್ಚಿದಿ ತಂಗಿ?”

“ಅವ್ವನ ಹಣಿಗೆ.”

“ಹಣಿ ಅಲ್ಲಿಲ್ಲ. ಅದು ಅತ್ತಾಗ ಐತಿ,” ಎಂದರು. “ಮುಖಾ ಇದ್ದಿದ್ದರ ನಾ ಗೋದಿ ಬಣ್ಣಾ ಹಚ್ಚತಿದ್ದಿಲ್ಲೇನ? ಪೂರಾ ಕರೀ ಹಚ್ಚೇನಿ ನೋಡು. ಅದು ಆಕಿ ತುರುಬು. ನಾ ಮಠದ ಕಡೆ ಕುಂತಿದ್ದೆ. ಆಕಿ ಆ ಕಡೆ ತಿರಿಗಿ ಕುಂತಿದ್ದಳು, ಸಾಲಿ ತಿರುವು ನೋಡಕೋತ. ನೀ ಬರೂ ಹೊತ್ತಾಗಿತ್ತಲ್ಲ. ಆವಾಗ ಸೆರಗು ಜಾರಿದರೂ ಆಕಿಗೆ ಖಬರ ಇರತಿರಲಿಲ್ಲ. ದಿನಾ ಹಂಗ. ನಾ ಅದನ್ನ ಬರದೇನಿ. ನಿಮ್ಮ ಅಪ್ಪಗ ಹೆಂಗ ಹೇಳಲಿ? ಬೆನ್ನು ಮಾಡಿ ಹ್ವಾದಳು ಅಂತ ನಿಮ್ಮ ಆಯಿ ಅಳಾಕತ್ತಿದ್ದರು. ಚಿತ್ರದಾಗೂ ಬೆನ್ನ ಐತಿ ಅಂತ ಯಾ ಬಾಯಿಲೆ ಹೇಳಲಿ?”

ನಾನು ಬೆರಳು ನೋಡಿಕೊಂಡೆ. “ಹಂಗಾರ ಕುಂಕುಮ ಕೆಟ್ಟಿತೇನ್ರಿ?”

“ಎಲ್ಲಿ ಕೆಟ್ಟಿತು? ತುರುಬಿಗೆ ಅಬ್ಬಲಿಗಿ ಮುಡಿಸೀದಿ.”

“ಅವ್ವಗ ಅಬ್ಬಲಿಗಿ ಸೇರತಿರಲಿಲ್ಲ. ಮಲ್ಲಿಗಿ ಬೇಕು.”

“ಮಲ್ಲಿಗಿ ನಿನ್ನ ಕೈಯಾಗ ಇರಲಿಲ್ಲಲ್ಲ,” ಎಂದರು ಮಾಸ್ತರು.

ಅಪ್ಪ ಒಳಬಾಗಿಲಲ್ಲಿ ನಿಂತಿದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ಹೆಗಲ ಮೇಲೆ ಹಗ್ಗದ ಸುರುಳಿ, ಗದ್ದೆಗೆ ಹೊರಟವನು. ಅವನು ಖೋಲಿಯ ಬಾಗಿಲಿಗೆ ಬಂದು ಚಿತ್ರವನ್ನು ಹತ್ತಿರದಿಂದ ನೋಡಿದ. ಆಮೇಲೆ ಇಡೀ ಊರು ಆಡಿದ ಆ ಆಟವನ್ನು ಒಮ್ಮೆಯೂ ಆಡದಿದ್ದ ನಮ್ಮಪ್ಪ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದ. ತುಟಿ ಅಲುಗುತ್ತಿದ್ದವು. ಹತ್ತಕ್ಕೆ ಗೋಡೆ ಬಂತು. ಗೋಡೆಗೆ ಒರಗಿ ನಿಂತು ನೋಡಿದ. ಆ ಗೋಡೆಗೇ ಅವ್ವನನ್ನು ಕೂರಿಸಿದ್ದರು.

“ಸೂಟಿಯಾಗೂ ಹಂಗ ಕುಂಡ್ರತಿದ್ದಳು,” ಎಂದ. “ಸಾಲಿ ಇರತಿರಲಿಲ್ಲ. ಕೂಸು ಮನ್ಯಾಗ ಇರತಿತ್ತು. ಆದರೂ ಆ ಹೊತ್ತಿಗೆ ಹೋಗಿ ಅತ್ತಾಗ ಮುಖಾ ಮಾಡಿ ಕುಂಡ್ರತಿದ್ದಳು.”

ಆಯಿ ಬಂದು ನೋಡಿದಳು. “ಹೌದ. ಎಡಗಾಲು ಮಡಚಿಕೊಂಡ,” ಎಂದಳು. ಅಪ್ಪ, “ಹೌದ, ಎಡಗಾಲು,” ಎಂದ. ಎಡಗಾಲು ಎಂದು ನನಗೂ ಗೊತ್ತಿತ್ತು. ತಿರುವಿನಿಂದ ಬರುವಾಗ ಮೊದಲು ಕಾಣುತ್ತಿದ್ದದ್ದೇ ಆ ಮಡಚಿದ ಮೊಣಕಾಲು. ಇದರಲ್ಲಿ ಯಾರದೂ ತಕರಾರಿರಲಿಲ್ಲ.

ಶನಿವಾರ ಮಗ ಸೈಕಲ್ ತಂದ. ಅಪ್ಪ ಅವನಿಗೆ ಚಹಾ ಕೊಟ್ಟು, “ಅದು ಇಲ್ಲೇ ಇರತೈತಿ,” ಎಂದಷ್ಟೇ ಹೇಳಿ, ಪಡಸಾಲೆಯ ಗೋಡೆಗೆ ತಾನೇ ಮೊಳೆ ಹೊಡೆದ. ಮಾಸ್ತರು ಬೇಡವೆನ್ನಲಿಲ್ಲ. ಆ ಸಂಜೆ ಊಟಕ್ಕೆ ಕೂತಾಗ ಆಯಿ ಬಡಿದ ರೊಟ್ಟಿ ದಪ್ಪವಾಗಿತ್ತು, ನಾಲ್ಕು ಬೆರಳಿಗೆ ಮುರಿಯುತ್ತಿರಲಿಲ್ಲ. ಅವರು ಐದನೆಯದನ್ನೂ ಹಚ್ಚಿ ಮುರಿದರು. ಅದನ್ನು ನೋಡಿ ನಗು ಬಂತು, ಒಳಗೆ ಹೋಗಿ ಹೇಳಬೇಕೆಂದು ಎದ್ದೆ. ಒಲೆಯ ಮುಂದೆ ಆಯಿ ಇದ್ದಳು. ಜೋಮು ಹಿಡಿದ ಕಾಲಿಗೆ ಮೊದಲ ಇರುವೆ ಹರಿದದ್ದು ಆಗ. ಪೂರ್ತಿ ಇಳಿಯಿತೆಂದು ಮಾತ್ರ ಹೇಳಲಾರೆ.

ಮಾಸ್ತರು ಇನ್ನೂ ನಾಲ್ಕು ವರ್ಷ ನಮ್ಮ ಖೋಲಿಯಲ್ಲಿದ್ದರು. ನನಗೆ ಚಿತ್ರ ಕಲಿಸಲಿಲ್ಲ. ನಾನು ಕೇಳಲೂ ಇಲ್ಲ. ಎಲ್ಲದಕ್ಕೂ ಹಿಂದೆ ಸರಿದು ನೋಡುವುದನ್ನು ಕಲಿಸಿದರು. ಗಣಿತ ತಿಳಿಯದಿದ್ದರೆ ಪುಸ್ತಕ ಕಿಟಕಿಯಲ್ಲಿಟ್ಟು ಹಿಂದೆ ಸರಿ ಎನ್ನುವರು. ಗಣಿತಕ್ಕೆ ಅದರಿಂದ ಏನೂ ಉಪಯೋಗವಾಗಲಿಲ್ಲ. ಆಮೇಲೆ ಕಣ್ಣಿಗೆ ಪೊರೆ ಬಂದು ದಾಂಡೇಲಿಗೆ ಮಗನ ಕಡೆ ಹೋದರು. ಟರ್ಪೆಂಟೈನ್ ಬಿಟ್ಟಮೇಲೆ ಸೊಸೆಗೆ ಅವರು ಹಿಡಿಸಿದರು. ಒಮ್ಮೆ ಅಪ್ಪನ ಜೊತೆ ನೋಡಲು ಹೋಗಿದ್ದೆ. “ಈಗ ಚಲೋ ಆಗೇತಿ ತಂಗಿ. ಹಿಂದ ಸರಿಯೂದ ಬ್ಯಾಡ. ಎಲ್ಲಿ ನೋಡಿದರೂ ನಿಮ್ಮೂರ ಓಣಿ ಕಂಡಂಗ ಕಾಣತೈತಿ,” ಎಂದು ನಕ್ಕರು.

ಮತ್ತೆ ಹೋದದ್ದು ಅವರು ತೀರಿಕೊಂಡ ದಿನ. ನಾನಾಗ ಮೆಟ್ರಿಕ್‌ನಲ್ಲಿದ್ದೆ. ಎದೆಯ ಮೇಲೆ ಕೈ ಜೋಡಿಸಿ ಮಲಗಿಸಿದ್ದರು. ಕಿರುಬೆರಳಿನ ಉಗುರು ಕತ್ತರಿಸಿದ್ದರು. “ಹಾಸಿಗಿಗೆ ಸಿಗತಿತ್ತು, ನಾನ ತಗದೆ,” ಎಂದಳು ಸೊಸೆ, ತಪ್ಪು ಮಾಡಿದವಳಂತೆ. ಹತ್ತೂ ಉಗುರು ಒಂದೇ ಸಮ ಇದ್ದವು. ಬೇರೆ ಯಾರದೋ ಕೈಯಂತೆ ಕಂಡಿತು. ನಾನು ಅಲ್ಲೂ ಅಳಲಿಲ್ಲ. ಹಿಂದೆ ಸರಿದೆ. ಆ ಖೋಲಿಯಲ್ಲಿ ನಾಲ್ಕು ಹೆಜ್ಜೆಗೆ ಬಾಗಿಲು ಬಂತು, ಹೊರಗಿನವರು ದಾರಿ ಬಿಟ್ಟರು. ಹತ್ತಕ್ಕೆ ನಾನು ಅಂಗಳದಲ್ಲಿದ್ದೆ. ಅಲ್ಲಿಂದ ಅವರು ಒಂದು ಬಿಳಿ ಗೀಟಾಗಿದ್ದರು. ಆಗ ಅವರೇ ಎಂದು ಗುರುತು ಸಿಕ್ಕಿತು.

ಆ ಚಿತ್ರ ಈಗ ಹಳಿಯಾಳದಲ್ಲಿ ನನ್ನ ಮನೆಯಲ್ಲಿದೆ. ನಾನು ಶಾಲಾ ಶಿಕ್ಷಕಿಯಾಗಿ ನಿವೃತ್ತಳಾದೆ. ಅವ್ವನ ಮಚ್ಚೆ ಯಾವ ಕಡೆಗಿತ್ತೆಂದು ಇಂದಿಗೂ ಗೊತ್ತಿಲ್ಲ. ಹೇಳುವವರು ಯಾರೂ ಉಳಿದಿಲ್ಲ. ಅವಳು ನನ್ನನ್ನು ಕಾಯುತ್ತಿದ್ದಳೆಂದು ಮಾತ್ರ ಗೊತ್ತಿದೆ, ಮಾಸ್ತರಿಂದಾಗಿ. ಇಲ್ಲದಿದ್ದರೆ ನನಗೆ ಅದೂ ಇರುತ್ತಿರಲಿಲ್ಲ. ನನ್ನ ಮನೆಯ ಹಾಲ್ ಸಣ್ಣದು, ಆರೇ ಹೆಜ್ಜೆ. ಉಳಿದ ನಾಲ್ಕಕ್ಕೆ ಬಾಗಿಲು ತೆರೆದು, ಮೆಟ್ಟಿಲಿಳಿದು, ರಸ್ತೆಯಲ್ಲಿ ನಿಲ್ಲಬೇಕು. ಸಂಜೆ ಐದಕ್ಕೆ ಬೆಳಕು ಒಳಗೆ ಬೀಳುವಾಗ ಹಾಗೆ ನಿಲ್ಲುತ್ತೇನೆ.

ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಹೆಣ್ಣುಮಗಳು ನೋಡಿ ನೋಡಿ ಕೊನೆಗೆ ಕೇಳಿದಳು, “ದಿನಾ ಹಿಂಗ ನಿಮ್ಮ ಮನಿ ಮುಂದ ನೀವ ನಿಂತಿರತೀರಲ್ಲರಿ ಟೀಚರ್. ಒಳಗ ಯಾರರ ಅದಾರೇನ್ರಿ?”

“ನಮ್ಮವ್ವ ಅದಾಳ,” ಎಂದೆ.

“ಹೌದೇನ್ರಿ! ನಾ ಕಂಡಿಲ್ಲ ನೋಡ್ರಿ. ಕರೀರಲ್ಲ, ಮಾತಾಡಸ್ತೀನಿ.”

“ಕರದರ ಈ ಕಡೆ ತಿರಗೂದಿಲ್ಲವಾ,” ಎಂದೆ. “ನಾ ಸಾಲಿ ಬಿಟ್ಟು ಬರೂದು ನೋಡಾಕತ್ತಾಳ.”